ಪಟಾಕಿಗೆ ಹೆದರದ ಆನೆ, ಪರೀಕ್ಷೆಗೆ ನೆನಪಾಗದ ಪಾಠ

ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟದವರನ್ನು ಕೇಳಿ ನೋಡಿ. ಮೊದಲೆಲ್ಲ ಕಾಡಾನೆ ಬಂದರೆ ಒಂದು ಪಟಾಕಿ ಹಚ್ಚಿದರೆ ಸಾಕಿತ್ತು, ಹಿಂಡಿಗೆ ಹಿಂಡೇ ಗದ್ದೆ ದಾಟಿ ಓಡುತ್ತಿತ್ತು ಅನ್ನುತ್ತಾರೆ. ಈಗ ಡಬ್ಬ ಬಡಿದರೂ ಪಟಾಕಿ ಸಿಡಿಸಿದರೂ ಒಮ್ಮೆ ಕಿವಿ ಬೀಸಿ ಮತ್ತೆ ಹಲಸಿನ ಹಣ್ಣಿಗೇ ಸೊಂಡಿಲು ಚಾಚುತ್ತವೆ. "ಅವಕ್ಕೆ ಬುದ್ಧಿ ಬಂದಿದೆ ಕಣ್ರೀ" ಎಂದು ನಗುತ್ತಾರೆ. ಮನೋವಿಜ್ಞಾನದ ಲೆಕ್ಕದಲ್ಲಿ ಈ ಮಾತು ಪೂರ್ತಿ ಸರಿ. ಈ ಸದ್ದಿನ ಹಿಂದೆ ಏನೂ ಬರುವುದಿಲ್ಲ ಅನ್ನುವ ಪಾಠವನ್ನು ಆನೆ ಕಲಿತಿದೆ.

ಇದಕ್ಕೆ ಒಗ್ಗಿಕೊಳ್ಳುವಿಕೆ ಎಂದು ಹೆಸರು. ಇದಕ್ಕಿಂತ ಸರಳವಾದ ಕಲಿಕೆ ಇನ್ನೊಂದಿಲ್ಲ. ಹಾಸನದ ಬಸ್ ಸ್ಟ್ಯಾಂಡ್ ಹತ್ತಿರ ಮನೆ ಮಾಡಿದವರಿಗೆ ಮೊದಮೊದಲು ನಿದ್ದೆ ಬರುವುದಿಲ್ಲ. ಆಮೇಲೆ ಹಾರ್ನ್ ಸದ್ದು ಇದೆ ಅನ್ನುವುದೇ ಮರೆತುಹೋಗುತ್ತದೆ. ಕಿವಿಗೇನೂ ಆಗಿರುವುದಿಲ್ಲ. ಮುಂದೇನಾಗುತ್ತದೆ ಎಂದು ಮೊದಲೇ ಗೊತ್ತಿರುವ ಸುದ್ದಿಗೆ ಮಿದುಳು ಖರ್ಚು ಮಾಡುವುದಿಲ್ಲ, ಅಷ್ಟೆ.

ಕಲಿಕೆ ಮತ್ತು ನೆನಪಿನ ಬಗ್ಗೆ ನೂರೈವತ್ತು ವರ್ಷಗಳಿಂದ ಹತ್ತಾರು ಸಿದ್ಧಾಂತಗಳು ಬಂದಿವೆ. ಬಿ.ಎಡ್. ಪುಸ್ತಕದಲ್ಲಿ ಅವು ಒಂದರ ಕೆಳಗೊಂದು ಸಾಲಾಗಿ ನಿಂತಿರುತ್ತವೆ. ಪಾವ್ಲೊವ್, ಥಾರ್ನ್‌ಡೈಕ್, ಸ್ಕಿನ್ನರ್, ಟೋಲ್ಮನ್, ಬಂಡೂರ. ಐದು ಅಂಕದ ಪ್ರಶ್ನೆಗೆ ಒಬ್ಬೊಬ್ಬರು. ಆದರೆ ಅವುಗಳ ನಡುವೆ ಹರಿಯುವ ಒಂದು ಎಳೆ ಇದೆ ಎಂದು ನನಗೆ ಅನ್ನಿಸುತ್ತದೆ. ನಾವು ಅಂದುಕೊಂಡದ್ದಕ್ಕೂ ನಿಜಕ್ಕೂ ವ್ಯತ್ಯಾಸ ಬಂದ ಕಡೆ ಕಲಿಕೆ ಚುರುಕಾಗುತ್ತದೆ. ವ್ಯತ್ಯಾಸ ಇಲ್ಲದ ಕಡೆ, ಅಂದರೆ ಎಲ್ಲಾ ಸಲೀಸಾಗಿ ಗೊತ್ತಿರುವ ಹಾಗೆ ಕಾಣುವ ಕಡೆ, ಮಿದುಳು ಆಲೂರಿನ ಆನೆಯ ಹಾಗೆ ಸುಮ್ನೆ ನಿಂತುಬಿಡುತ್ತದೆ. ಈ ಎಳೆ ಹಿಡಿದುಕೊಂಡೇ ಮುಂದೆ ಹೋಗೋಣ.

ಕಡಲ ಬಸವನಹುಳುವಿನಿಂದ ಶುರು

ಒಗ್ಗಿಕೊಳ್ಳುವಾಗ ನರಗಳ ಒಳಗೆ ಏನಾಗುತ್ತದೆ ಎಂದು ಹುಡುಕಿದವರು ಎರಿಕ್ ಕ್ಯಾಂಡೆಲ್. ಅವರು ಆರಿಸಿಕೊಂಡ ಪ್ರಾಣಿ ಅಪ್ಲೀಸಿಯಾ ಎಂಬ ಕಡಲ ಬಸವನಹುಳು. ಅದರ ನರಕೋಶಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ಭಾರೀ ದೊಡ್ಡವು. ಕೆಲವಂತೂ ಬರಿಗಣ್ಣಿಗೇ ಕಾಣುತ್ತವೆ. ಈ ಹುಳುವಿನ ನೀರು ಬಿಡುವ ಕೊಳವೆಯನ್ನು ಮೆಲ್ಲಗೆ ಮುಟ್ಟಿದರೆ ಕಿವಿರನ್ನು ಒಳಗೆ ಎಳೆದುಕೊಳ್ಳುತ್ತದೆ. ಮತ್ತೆ ಮತ್ತೆ ಮುಟ್ಟಿದರೆ ಎಳೆದುಕೊಳ್ಳುವುದು ಕಡಿಮೆಯಾಗುತ್ತಾ ಹೋಗುತ್ತದೆ. ಮುಟ್ಟಿದ್ದನ್ನು ತಿಳಿಸುವ ನರ ಮುಂದಿನ ನರಕ್ಕೆ ರಾಸಾಯನಿಕ ಸುರಿಸಿ ಸುದ್ದಿ ದಾಟಿಸುತ್ತದೆ. ಒಗ್ಗಿಕೊಂಡಾಗ ಸುರಿಯುವ ಪ್ರಮಾಣವೇ ಇಳಿದಿರುತ್ತದೆ. ನರಗಳ ನಡುವಿನ ಬೆಸುಗೆ ಬಲವಾಗುವುದು ಅಥವಾ ಸಡಿಲವಾಗುವುದೇ ಕಲಿಕೆಯ ದೈಹಿಕ ರೂಪ ಎಂದು ಇದರಿಂದ ಗಟ್ಟಿಯಾಯಿತು. 2000ದಲ್ಲಿ ಕ್ಯಾಂಡೆಲ್ ಅವರಿಗೆ ನೊಬೆಲ್ ಬಂತು.

ಅವರ ತಂಡ 1972ರಲ್ಲಿ ಕಂಡ ಇನ್ನೊಂದು ಸಂಗತಿ ನನಗೆ ಹೆಚ್ಚು ಇಷ್ಟ. ಒಂದೇ ದಿನ ಒಟ್ಟಿಗೆ ಕೊಟ್ಟ ತರಬೇತಿಗಿಂತ, ಅಷ್ಟನ್ನೇ ನಾಲ್ಕು ದಿನಕ್ಕೆ ಹಂಚಿ ಕೊಟ್ಟದ್ದು ಹುಳುವಿನಲ್ಲಿ ಹೆಚ್ಚು ಕಾಲ ನಿಂತಿತು. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪುಸ್ತಕ ಮುಗಿಸುವ ಉಪಾಯ ಬಸವನಹುಳುವಿಗೂ ಒಗ್ಗುವುದಿಲ್ಲ.

ಘಾಟಿಯ ಬಸ್ಸು ಮತ್ತು ಚಿತ್ರಾನ್ನ

ಇವಾನ್ ಪಾವ್ಲೊವ್ ಮನೋವಿಜ್ಞಾನಿ ಆಗಿರಲಿಲ್ಲ. ರಷ್ಯಾದ ಶರೀರಶಾಸ್ತ್ರಜ್ಞ. 1904ರ ನೊಬೆಲ್ ಅವರಿಗೆ ಸಿಕ್ಕಿದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ನಾಯಿಯ ಜೊಲ್ಲು ಅಳೆಯುತ್ತಾ ಕೂತಾಗ, ಊಟ ಬಾಯಿಗೆ ಬೀಳುವ ಮೊದಲೇ ಜೊಲ್ಲು ಸುರಿಯುವುದು ಕಣ್ಣಿಗೆ ಬಿತ್ತು. ಲೆಕ್ಕ ಕೆಡಿಸುವ ಈ ತೊಂದರೆಯನ್ನೇ ಅವರು ಮುಖ್ಯ ವಿಷಯ ಮಾಡಿಕೊಂಡರು. ಊಟಕ್ಕೆ ಮೊದಲು ಮೆಟ್ರೊನೋಮ್ ಎಂಬ ತಾಳದ ಯಂತ್ರದ ಸದ್ದು ಕೇಳಿಸುತ್ತಾ ಬಂದರೆ, ಕೊನೆಗೆ ಬರೀ ಸದ್ದಿಗೇ ಜೊಲ್ಲು ಬರುತ್ತದೆ. ಎರಡು ಸಂಗತಿ ಮತ್ತೆ ಮತ್ತೆ ಜೊತೆಯಾಗಿ ಬಂದರೆ ಒಂದು ಇನ್ನೊಂದರ ಗುರುತಾಗುತ್ತದೆ ಎಂಬುದು ಇದರ ತಿರುಳು.

ಇಲ್ಲಿಯವರೆಗೆ ಪುಸ್ತಕದಲ್ಲಿ ಇರುತ್ತದೆ. ಸ್ವಾರಸ್ಯ ಇರುವುದು ಇದರ ಆಚೆಗೆ.

ಹಾಸನದಿಂದ ಧರ್ಮಸ್ಥಳಕ್ಕೆ ಶಿರಾಡಿ ಘಾಟಿಯಲ್ಲಿ ಹೋಗುವ ಬಸ್ಸನ್ನು ಒಮ್ಮೆ ನೆನೆಸಿಕೊಳ್ಳಿ. ಬೆಳಿಗ್ಗೆ ಚಿತ್ರಾನ್ನ ತಿಂದು ಹತ್ತಿದ ಹುಡುಗ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುತ್ತಾನೆ. ಆಮೇಲೆ ಎಷ್ಟೋ ಕಾಲ ಅವನಿಗೆ ಚಿತ್ರಾನ್ನ ಕಂಡರೆ ಆಗುವುದಿಲ್ಲ. ತಪ್ಪು ಘಾಟಿಯದು ಎಂದು ಅವನಿಗೂ ಗೊತ್ತು. ಆದರೂ ಬಸ್ಸಿನ ಬಣ್ಣ, ಕಂಡಕ್ಟರ್ ಸೀಟಿ, ಪಕ್ಕದಲ್ಲಿ ಕೂತ ಅತ್ತೆ, ಯಾವುದರ ಮೇಲೂ ಬೇಸರವಿಲ್ಲ. ಇದ್ದದ್ದೆಲ್ಲ ಚಿತ್ರಾನ್ನದ ಮೇಲೆ. ಅದೂ ಒಂದೇ ಸಲಕ್ಕೆ, ತಿಂದು ಗಂಟೆಗಳೇ ಕಳೆದ ಮೇಲೆ.

ಪಾವ್ಲೊವ್ ಲೆಕ್ಕಕ್ಕೆ ಇದು ಕೂರುವುದಿಲ್ಲ, ಅಲ್ವಾ? 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ರಾಬರ್ಟ್ ಕೊಯೆಲಿಂಗ್ ಇಲಿಗಳಲ್ಲಿ ಇದನ್ನು ತೋರಿಸಿದರು. ಇಲಿ ರುಚಿಯಾದ ನೀರು ಕುಡಿಯುವಾಗ ಜೊತೆಗೆ ಬೆಳಕು ಮಿನುಗಿಸಿ ಸದ್ದು ಮಾಡಿದರು. ಕೆಲವು ಇಲಿಗಳಿಗೆ ಹೊಟ್ಟೆ ತೊಳಸುವಂತೆ ಮಾಡಿದರು, ಕೆಲವಕ್ಕೆ ಕರೆಂಟಿನ ಸಣ್ಣ ಏಟು ಕೊಟ್ಟರು. ಹೊಟ್ಟೆ ತೊಳಸಿದವು ಆ ರುಚಿಯ ನೀರಿನಿಂದ ದೂರ ಸರಿದವು, ಬೆಳಕು ಸದ್ದಿಗೆ ಕ್ಯಾರೆ ಅನ್ನಲಿಲ್ಲ. ಏಟು ತಿಂದವು ಬೆಳಕು ಸದ್ದಿಗೆ ಹೆದರಿದವು, ರುಚಿಯನ್ನು ಬಿಡಲಿಲ್ಲ. ಯಾವುದನ್ನು ಯಾವುದಕ್ಕೆ ಗಂಟು ಹಾಕಬೇಕು ಎಂಬ ಒಲವನ್ನು ಪ್ರಾಣಿ ಹುಟ್ಟಿನಿಂದಲೇ ತಂದಿರುತ್ತದೆ. ಹೊಟ್ಟೆ ಕೆಟ್ಟರೆ ತಿಂದದ್ದರ ಮೇಲೆ ಅನುಮಾನ ಪಡುವ ಪ್ರಾಣಿ ಬದುಕಿ ಉಳಿಯುತ್ತದೆ. ಕಂಡಕ್ಟರ್ ಸೀಟಿಯ ಮೇಲೆ ಅನುಮಾನ ಪಡುವುದಕ್ಕೆ ಆ ಅನುಕೂಲ ಇಲ್ಲ.

ಪಾವ್ಲೊವ್ ಲೆಕ್ಕಕ್ಕೆ ಇನ್ನೊಂದು ಪೆಟ್ಟು ಲಿಯಾನ್ ಕಾಮಿನ್ ಅವರಿಂದ ಬಿತ್ತು. 1960ರ ದಶಕದ ಕೊನೆಯ ಮಾತು. ಸದ್ದು ಕೇಳಿದರೆ ಏಟು ಬೀಳುತ್ತದೆ ಎಂದು ಇಲಿಗೆ ಮೊದಲೇ ಚೆನ್ನಾಗಿ ಕಲಿಸಿದರು. ಆಮೇಲೆ ಸದ್ದಿನ ಜೊತೆ ಬೆಳಕನ್ನೂ ಸೇರಿಸಿ ಏಟು ಕೊಡುತ್ತಾ ಹೋದರು. ಬೆಳಕು ಮತ್ತು ಏಟು ಎಷ್ಟೋ ಸಲ ಜೊತೆಯಾಗಿಯೇ ಬಂದವು. ಕೊನೆಗೆ ಬರೀ ಬೆಳಕು ತೋರಿಸಿದಾಗ ಇಲಿ ಹೆಚ್ಚುಕಡಿಮೆ ಹೆದರಲೇ ಇಲ್ಲ. ಏಟು ಬರುವುದನ್ನು ಸದ್ದು ಮೊದಲೇ ಹೇಳಿ ಮುಗಿಸಿತ್ತು. ಬೆಳಕಿನಿಂದ ತಿಳಿಯುವುದಕ್ಕೆ ಏನೂ ಉಳಿದಿರಲಿಲ್ಲ.

ಇದನ್ನೇ 1972ರಲ್ಲಿ ರಾಬರ್ಟ್ ರೆಸ್ಕೊರ್ಲ ಮತ್ತು ಆಲನ್ ವ್ಯಾಗ್ನರ್ ಒಂದು ಸಣ್ಣ ಸೂತ್ರವಾಗಿ ಬರೆದರು. ಒಂದು ಸಲಕ್ಕೆ ಎಷ್ಟು ಕಲಿಯುತ್ತೇವೆ ಎಂಬುದು ನಿರೀಕ್ಷೆಗೂ ಆದದ್ದಕ್ಕೂ ಇರುವ ಅಂತರದ ಮೇಲೆ ನಿಂತಿದೆ. ಅಂತರ ದೊಡ್ಡದಾದರೆ ಕಲಿಕೆ ಜಾಸ್ತಿ. ಅಂತರ ಸೊನ್ನೆಯಾದರೆ ಕಲಿಕೆಯೂ ಸೊನ್ನೆ. ಆಮೇಲೆ ವುಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಮಿದುಳಿನಲ್ಲಿ ಡೋಪಮೈನ್ ನರಕೋಶಗಳನ್ನು ಅಳೆದಾಗ ಬಹುಮಟ್ಟಿಗೆ ಇದೇ ಲೆಕ್ಕ ಕಂಡಿತು. ಎದುರುನೋಡದೆ ಹಣ್ಣಿನ ರಸ ಸಿಕ್ಕರೆ ಆ ಕೋಶಗಳು ಜೋರಾಗಿ ಮಿಡಿಯುತ್ತವೆ. ಮೊದಲೇ ಗುರುತು ಸಿಕ್ಕು ರಸ ಬಂದರೆ ರಸಕ್ಕೆ ಮಿಡಿಯುವುದಿಲ್ಲ, ಗುರುತಿಗೆ ಮಿಡಿಯುತ್ತವೆ. ಗುರುತು ಬಂದೂ ರಸ ಬರದಿದ್ದರೆ ಮಿಡಿತ ಕುಸಿಯುತ್ತದೆ. ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಎಂದು ವಾಟ್ಸಾಪ್‌ನಲ್ಲಿ ಬರುತ್ತದಲ್ಲ, ಅದಕ್ಕೆ ಬರೀ ಖುಷಿಯ ಕೆಲಸ ಕೊಟ್ಟು ಕೂರಿಸುವುದು ಅನ್ಯಾಯ.

ಥಾರ್ನ್‌ಡೈಕ್, ಸ್ಕಿನ್ನರ್ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಹೇಳಿದ್ದಾರೆ. ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಚಿಲಕ ಹಾಕಿದ ಪೆಟ್ಟಿಗೆಯಲ್ಲಿ ಕೂಡಿದರು. ಒಳ್ಳೆಯ ಫಲ ಕೊಟ್ಟ ಕೆಲಸವನ್ನೇ ಪ್ರಾಣಿ ಮತ್ತೆ ಮಾಡುತ್ತದೆ ಎಂದು ತೋರಿಸಿದರು. ಬಿ.ಎಫ್. ಸ್ಕಿನ್ನರ್ ಅದನ್ನು ಬೆಳೆಸಿ, ಬಹುಮಾನ ಯಾವಾಗ ಸಿಗುತ್ತದೆ ಎಂದು ಗೊತ್ತಾಗದಿದ್ದಾಗ ಪ್ರಾಣಿ ಪಟ್ಟು ಬಿಡದೆ ಪ್ರಯತ್ನಿಸುತ್ತದೆ ಎಂದು ಕಂಡರು. ಕಾಫಿ ರೇಟು ಏರಿತಾ ಇಳಿತಾ ಎಂದು ಬೆಳೆಗಾರರು ದಿನಕ್ಕೆ ಹತ್ತು ಸಲ ಫೋನ್ ತೆಗೆಯುವುದರಲ್ಲಿ ಇದೇ ಕೆಲಸ ಮಾಡುತ್ತಿರುತ್ತದೆ.

ಸ್ಕಿನ್ನರ್ ಪಂಗಡದವರಿಗೆ ನುಂಗಲಾಗದ ತುತ್ತು ಕೊಟ್ಟವರು ಎಡ್ವರ್ಡ್ ಟೋಲ್ಮನ್. 1930ರಲ್ಲಿ ಅವರೂ ಹೊನ್ಜಿಕ್ ಅವರೂ ಕೆಲವು ಇಲಿಗಳನ್ನು ಹತ್ತು ದಿನ ಬಹುಮಾನವೇ ಇಲ್ಲದೆ ಸುತ್ತುಬಳಸು ದಾರಿಯಲ್ಲಿ ಅಲೆಯಲು ಬಿಟ್ಟರು. ಹನ್ನೊಂದನೆಯ ದಿನ ಕೊನೆಯಲ್ಲಿ ತಿಂಡಿ ಇಟ್ಟರು. ಮಾರನೆಯ ದಿನವೇ ಆ ಇಲಿಗಳು ಮೊದಲಿನಿಂದ ತಿಂಡಿ ತಿಂದು ಕಲಿತವುಗಳ ಸಮಕ್ಕೆ ಬಂದವು. ಬಹುಮಾನ ಇಲ್ಲದಾಗಲೂ ದಾರಿಯ ನಕ್ಷೆ ತಲೆಯಲ್ಲಿ ತಯಾರಾಗುತ್ತಿತ್ತು ಎಂದಾಯಿತು. ಅರಕಲಗೂಡಿನಿಂದ ಹಾಸನಕ್ಕೆ ದಿನಾ ಬಸ್ಸಿನ ಕಿಟಕಿ ಪಕ್ಕ ಕೂತು ಬರುವ ಹುಡುಗಿಗೆ ದಾರಿ ಕಲಿಯುವ ಉದ್ದೇಶವೇ ಇರುವುದಿಲ್ಲ. ಒಂದು ದಿನ ಸ್ಕೂಟರ್ ಕೈಗೆ ಬಂದರೆ ಯಾವ ತಿರುವಿನಲ್ಲಿ ಹಂಪ್ ಇದೆ ಎಂಬುದೂ ಗೊತ್ತಿರುತ್ತದೆ.

ನೆನಪು ಒಂದೇ ಅಲ್ಲ

ಕಲಿತದ್ದು ಉಳಿಯುವುದು ಹೇಗೆ? ಇದನ್ನು ಮೊದಲು ಅಳತೆಗೆ ತಂದವರು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಪ್ರಯೋಗಕ್ಕೆ ಜನ ಹುಡುಕಲಿಲ್ಲ, ತಮ್ಮ ಮೇಲೇ ಮಾಡಿಕೊಂಡರು. ಅರ್ಥವಿಲ್ಲದ ಸುಮಾರು 2,300 ಪದಚೂರುಗಳನ್ನು ತಯಾರಿಸಿ, ಪಟ್ಟಿ ಪಟ್ಟಿಯಾಗಿ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಕಲಿಯುತ್ತಿದ್ದರು. ಎರಡನೆಯ ಸಲ ಎಷ್ಟು ಶ್ರಮ ಉಳಿಯಿತು ಎಂದು ಬರೆದಿಡುತ್ತಿದ್ದರು. 1885ರಲ್ಲಿ ಫಲಿತಾಂಶ ಅಚ್ಚಾಯಿತು. 20 ನಿಮಿಷದ ನಂತರ ಉಳಿತಾಯ ಶೇ 58. ಒಂದು ಗಂಟೆಗೆ ಶೇ 44. ಒಂದು ದಿನಕ್ಕೆ ಸುಮಾರು ಶೇ 34. ಒಂದು ತಿಂಗಳಿಗೆ ಶೇ 21. 2015ರಲ್ಲಿ ಡಚ್ ಸಂಶೋಧಕರು ಇದೇ ಪ್ರಯೋಗ ಮತ್ತೆ ಮಾಡಿದಾಗ ಗೆರೆ ಹೆಚ್ಚುಕಡಿಮೆ ಹೀಗೇ ಬಂತು.

ಈ ಗೆರೆಯನ್ನು ತೋರಿಸಿ "ಒಂದೇ ದಿನದಲ್ಲಿ ಮುಕ್ಕಾಲು ಮರೆಯುತ್ತೇವೆ" ಎಂದು ಹೆದರಿಸುವವರಿದ್ದಾರೆ. ಗೆರೆ ಹಾಗೆ ಹೇಳುವುದಿಲ್ಲ. ಮೊದಲನೆಯದಾಗಿ, ಅದು ಅರ್ಥವೇ ಇಲ್ಲದ ಚೂರುಗಳ ಲೆಕ್ಕ. ಜೊತೆಗೆ, ಇಳಿತವೆಲ್ಲ ಮೊದಲ ಕೆಲವು ಗಂಟೆಗಳಲ್ಲೇ ಜಾಸ್ತಿ, ಆಮೇಲೆ ನಿಧಾನ. ಇನ್ನೂ ಮುಖ್ಯವಾದದ್ದು, ಒಂದು ಸಾಲೂ ನೆನಪಿಲ್ಲ ಅನ್ನಿಸಿದಾಗಲೂ ಮರಳಿ ಕಲಿಯುವುದು ಬೇಗ ಆಗುತ್ತದೆ. ಅಳಿಸಿಹೋಗಿದೆ ಅಂದುಕೊಂಡದ್ದರಲ್ಲಿ ಎಷ್ಟೋ ಇನ್ನೂ ಒಳಗಿದೆ, ಕೈಗೆ ಸಿಗುತ್ತಿಲ್ಲ ಅಷ್ಟೆ.

ಒಳಗಿರುವುದೂ ಒಂದೇ ಬಗೆಯದಲ್ಲ. ಇದು ತಿಳಿದದ್ದು ಒಬ್ಬ ರೋಗಿಯಿಂದ. ಹೆನ್ರಿ ಮೊಲೈಸನ್. 2008ರಲ್ಲಿ ಅವರು ತೀರಿಕೊಳ್ಳುವವರೆಗೆ ಜಗತ್ತಿಗೆ ಎಚ್.ಎಂ. ಎಂಬ ಎರಡು ಅಕ್ಷರ ಮಾತ್ರ ಗೊತ್ತಿತ್ತು. ಮೂರ್ಛೆ ರೋಗ ತಡೆಯಲಾಗದೆ 1953ರಲ್ಲಿ ವಿಲಿಯಂ ಸ್ಕೊವಿಲ್ ಎಂಬ ಶಸ್ತ್ರವೈದ್ಯರು ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್ ಭಾಗವನ್ನು ಬಹುಪಾಲು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಲ್ಲಿಂದ ಮುಂದೆ ನಡೆದದ್ದು ಯಾವುದೂ ಅವರಿಗೆ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ವರ್ಷಗಟ್ಟಲೆ ಪರೀಕ್ಷೆ ಮಾಡಿದರೂ ಎಚ್.ಎಂ. ಪ್ರತಿ ಸಲ ಹೊಸಬರನ್ನು ಕಂಡ ಹಾಗೆ ಮಾತಾಡಿಸುತ್ತಿದ್ದರು.

ಮಿಲ್ನರ್ ಈ ರೋಗಿಗೆ ಒಂದು ಕೆಲಸ ಕೊಟ್ಟರು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಆಡಿಸಬೇಕು. ಮಾಡಿ ನೋಡಿ, ಕೈ ಉಲ್ಟಾ ಓಡುತ್ತದೆ. ಎಚ್.ಎಂ. ದಿನದಿಂದ ದಿನಕ್ಕೆ ಸುಧಾರಿಸಿದರು. ಮೂರನೆಯ ದಿನದ ಹೊತ್ತಿಗೆ ಕೈ ಕುದುರಿತ್ತು. ಈ ಕೆಲಸ ಹಿಂದೆ ಮಾಡಿದ್ದೇ ಅವರಿಗೆ ಗೊತ್ತಿರಲಿಲ್ಲ! ಕೈಯ ನೆನಪು ಬೇರೆ, ನಡೆದ ಸಂಗತಿಯ ನೆನಪು ಬೇರೆ, ಎರಡಕ್ಕೂ ಮಿದುಳಿನ ಬೇರೆ ಬೇರೆ ಭಾಗಗಳು ಬೇಕು ಎಂದು ಆಗ ಸ್ಪಷ್ಟವಾಯಿತು. ನಮ್ಮ ಊರಿನ ಮನೆಗಳಲ್ಲೂ ಇದನ್ನು ಕಂಡವರಿದ್ದಾರೆ. ಮರೆವಿನ ಕಾಯಿಲೆ ಶುರುವಾಗಿ ಮೊಮ್ಮಗಳ ಹೆಸರು ತಡಕಾಡುವ ಅಜ್ಜಿ, ಒತ್ತು ಶಾವಿಗೆಯ ಹಿಟ್ಟನ್ನು ಹದ ತಪ್ಪದೆ ತೊಳಸಬಲ್ಲರು.

ಬುದ್ಧಿಯ ಅಂಗಳ ಎಷ್ಟು ದೊಡ್ಡದು?

ಹೋಟೆಲಿನಲ್ಲಿ ಸಪ್ಲೈಯರ್ ನಾಲ್ಕು ಟೇಬಲ್ಲಿನ ಆರ್ಡರ್ ಕೇಳಿಕೊಂಡು, ಚೀಟಿ ಬರೆಯದೆ, ಅಡುಗೆಮನೆಯ ಕಡೆ ಕೂಗುತ್ತಾನೆ. ನಮಗೆ ಹೊಸ ಫೋನ್ ನಂಬರಿನ ಹತ್ತು ಅಂಕಿ ಒತ್ತುವಷ್ಟರಲ್ಲಿ ಕೊನೆಯ ಎರಡು ತಪ್ಪಿಹೋಗುತ್ತವೆ. ಆ ಕ್ಷಣಕ್ಕೆ ತಲೆಯಲ್ಲಿ ಹಿಡಿದು ಆಡಿಸುವ ಈ ಜಾಗಕ್ಕೆ ಕೆಲಸದ ನೆನಪು ಅನ್ನುತ್ತಾರೆ. 1956ರಲ್ಲಿ ಜಾರ್ಜ್ ಮಿಲ್ಲರ್ ಇದರ ಮಿತಿ ಏಳು, ಒಂದೆರಡು ಆಚೀಚೆ ಅಂದರು. 2001ರಲ್ಲಿ ನೆಲ್ಸನ್ ಕೋವನ್, ಗುಂಪು ಮಾಡಿಕೊಳ್ಳಲು ಬಿಡದೆ ಅಳೆದರೆ ಸುಮಾರು ನಾಲ್ಕೇ ಎಂದು ವಾದಿಸಿದರು. ಅಲನ್ ಬ್ಯಾಡ್‌ಲಿ ಮತ್ತು ಗ್ರಹಾಂ ಹಿಚ್ 1974ರಲ್ಲಿ ಇದೊಂದೇ ಜಾಗವಲ್ಲ, ಮಾತಿಗೆ ಬೇರೆ, ಚಿತ್ರಕ್ಕೆ ಬೇರೆ ಎಂದರು. ಅದಕ್ಕೇ ಫೋನ್ ನಂಬರ್ ಗುನುಗುತ್ತಾ ಸ್ಕೂಟರ್ ಓಡಿಸಬಹುದು. ಗುನುಗುತ್ತಾ ಇನ್ನೊಬ್ಬರ ಜೊತೆ ಮಾತಾಡಲು ಆಗುವುದಿಲ್ಲ.

ಹಾಗಾದರೆ ಸಪ್ಲೈಯರ್ ಹೇಗೆ ನಿಭಾಯಿಸುತ್ತಾನೆ? 1980ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇದಕ್ಕೆ ಚೆಂದದ ಉತ್ತರ ಕೊಡುತ್ತದೆ. ಆಂಡರ್ಸ್ ಎರಿಕ್ಸನ್, ವಿಲಿಯಂ ಚೇಸ್ ಮತ್ತು ಸಂಗಡಿಗರು ಒಬ್ಬ ಸಾಮಾನ್ಯ ಕಾಲೇಜು ಹುಡುಗನಿಗೆ ಅಂಕಿಗಳನ್ನು ಓದಿ ಹೇಳಿ ಒಪ್ಪಿಸಲು ಹೇಳಿದರು. ಶುರುವಿನಲ್ಲಿ ಏಳು. ಒಂದೂವರೆ ವರ್ಷಕ್ಕೂ ಜಾಸ್ತಿ ಅಭ್ಯಾಸದ ಮೇಲೆ 79. ಹುಡುಗ ಓಟಗಾರ. ಅಂಕಿಗಳನ್ನು ಓಟದ ಸಮಯಗಳಾಗಿ ಗುಂಪು ಕಟ್ಟುತ್ತಿದ್ದ. 3492 ಕೇಳಿದರೆ ಅವನಿಗೆ ಮೂರು ನಿಮಿಷ ನಲವತ್ತೊಂಬತ್ತು ಸೆಕೆಂಡು ಚಿಲ್ಲರೆ, ಒಂದು ಮೈಲಿಯ ಹತ್ತಿರಹತ್ತಿರ ದಾಖಲೆಯ ಓಟ. ಆಮೇಲೆ ಅಂಕಿ ಬಿಟ್ಟು ಅಕ್ಷರ ಕೊಟ್ಟು ನೋಡಿದರು. ಮತ್ತೆ ಸುಮಾರು ಆರಕ್ಕೇ ಬಂದು ನಿಂತ. ನೆನಪಿನ ಶಕ್ತಿ ಬೆಳೆದಿರಲೇ ಇಲ್ಲ. ಅವನಿಗೆ ಮೊದಲೇ ಗೊತ್ತಿದ್ದ ಓಟದ ಜಗತ್ತು ಹೊಸ ಅಂಕಿಗಳಿಗೆ ಜಾಗ ಮಾಡಿಕೊಟ್ಟಿತ್ತು.

ಚೇಸ್ ಮತ್ತು ಹರ್ಬರ್ಟ್ ಸೈಮನ್ 1973ರಲ್ಲಿ ಚೆಸ್ ಆಟಗಾರರಲ್ಲೂ ಇದನ್ನೇ ಕಂಡಿದ್ದರು. ನಿಜವಾದ ಆಟದ ಮಧ್ಯದ ಮಣೆಯನ್ನು ಕೆಲವೇ ಸೆಕೆಂಡು ತೋರಿಸಿದರೂ ನುರಿತವರು ಕಾಯಿಗಳನ್ನು ಮತ್ತೆ ಜೋಡಿಸುತ್ತಾರೆ. ಕಾಯಿಗಳನ್ನು ಹೇಗೆಂದರೆ ಹಾಗೆ ಇಟ್ಟುಬಿಟ್ಟರೆ ಅವರ ಮೇಲುಗೈ ಬಹುಪಾಲು ಮಾಯ. ಮೂಡಿಗೆರೆ ಕಡೆಯ ತೋಟದ ರೈಟರನ್ನು ಕೇಳಿ, ಹೋದ ವರ್ಷ ಯಾವ ಬ್ಲಾಕಿನಲ್ಲಿ ಎಷ್ಟು ಮೂಟೆ ಹಣ್ಣು ಕೊಯ್ದರು, ಯಾವ ದಿನ ಮಳೆ ಬಂದು ಕಣದಲ್ಲಿದ್ದ ಕಾಫಿ ನೆನೆಯಿತು, ಎಲ್ಲಾ ಹೇಳುತ್ತಾರೆ. ಅವರೇ, ಮನೆಯವರು ಅಂಗಡಿಯಿಂದ ತರಲು ಹೇಳಿದ ಸಾಮಾನಿನಲ್ಲಿ ಎರಡು ಮರೆತು ಬರುತ್ತಾರೆ.

"ನನ್ನ ಮಗನಿಗೆ ನೆನಪಿನ ಶಕ್ತಿ ಕಮ್ಮಿ" ಅನ್ನುವವರಿಗೆ ಇದನ್ನು ಹೇಳಬೇಕು ಅನ್ನಿಸುತ್ತದೆ. ಆ ಹುಡುಗ ಕ್ರಿಕೆಟ್ ಸ್ಕೋರು ಹತ್ತು ವರ್ಷದ್ದು ಹೇಳುತ್ತಾನೆ. ಅವನಿಗೆ ಕಮ್ಮಿ ಇರುವುದು ವಿಜ್ಞಾನದ ಪಾಠಕ್ಕೆ ಅಂಟಿಕೊಳ್ಳುವಂಥ ಹಳೆಯ ತಿಳುವಳಿಕೆ. ಫರ್ಗಸ್ ಕ್ರೇಕ್ ಮತ್ತು ಎಂಡೆಲ್ ಟುಲ್ವಿಂಗ್ 1975ರಲ್ಲಿ ತೋರಿಸಿದ್ದೂ ಇದಕ್ಕೆ ಹತ್ತಿರದ್ದು. ಒಂದು ಪದದ ಅಕ್ಷರದ ಆಕಾರ ನೋಡಿದವರಿಗಿಂತ, ಪ್ರಾಸ ನೋಡಿದವರಿಗಿಂತ, ಅದರ ಅರ್ಥ ಯೋಚಿಸಿದವರಿಗೆ ಆ ಪದ ಜಾಸ್ತಿ ನೆನಪಿತ್ತು. ನೆನಪಿಡಬೇಕು ಎಂಬ ಹಟಕ್ಕಿಂತ ಯೋಚಿಸಿದ ಬಗೆ ಹೆಚ್ಚು ಕೆಲಸ ಮಾಡಿತ್ತು.

ಮಸ್ತಕಾಭಿಷೇಕ ಯಾವ ವರ್ಷದ್ದು?

ಹಳೆಯ ತಿಳುವಳಿಕೆ ಸಹಾಯ ಮಾಡುವ ಹಾಗೇ ಕೆಲವೊಮ್ಮೆ ಕೈಕೊಡುತ್ತದೆ. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ ಸಾಮಾನ್ಯವಾಗಿ 12 ವರ್ಷಕ್ಕೊಮ್ಮೆ. 2006ರಲ್ಲಿ ಆಯಿತು, 2018ರಲ್ಲಿ ಆಯಿತು. ಎರಡಕ್ಕೂ ಹೋಗಿ ಬಂದ ಮನೆಯಲ್ಲಿ ಕೇಳಿ ನೋಡಿ. ಮಾವ ಜೊತೆಗಿದ್ದದ್ದು ಯಾವ ಸಲ, ಕೇಸರಿ ನೀರು ಹರಿಯುವಾಗ ನಿಂತದ್ದು ಎಲ್ಲಿ ಎಂದು. ಒಬ್ಬೊಬ್ಬರದು ಒಂದೊಂದು ಕಥೆ, ಎಲ್ಲರಿಗೂ ಪೂರ್ತಿ ಭರವಸೆ.

ಫ್ರೆಡರಿಕ್ ಬಾರ್ಟ್ಲೆಟ್ 1932ರಲ್ಲೇ ಹೇಳಿದ್ದರು, ನೆನೆಯುವುದು ಅಂದರೆ ಉಳಿದ ತುಣುಕುಗಳಿಂದ ಮತ್ತೆ ಕಟ್ಟುವುದು ಎಂದು. ಇಂಗ್ಲೆಂಡಿನವರಿಗೆ ಅಮೆರಿಕದ ಮೂಲನಿವಾಸಿಗಳ ಒಂದು ಕಥೆ ಕೊಟ್ಟು ಕೆಲವು ಕಾಲದ ಮೇಲೆ ಕೇಳಿದಾಗ, ಅವರಿಗೆ ವಿಚಿತ್ರ ಅನ್ನಿಸಿದ್ದೆಲ್ಲ ಬಿಟ್ಟುಹೋಗಿತ್ತು. ದೋಣಿ ಎಂಬಲ್ಲಿ ತಮಗೆ ಪರಿಚಯದ ಬಗೆಯ ದೋಣಿ ಬಂದು ಕೂತಿತ್ತು.

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಇದನ್ನು ಇನ್ನೂ ಚೂಪಾಗಿ ತೋರಿಸಿದರು. ಕಾರು ಡಿಕ್ಕಿಯ ಫಿಲ್ಮ್ ತೋರಿಸಿ ವೇಗ ಎಷ್ಟಿತ್ತು ಎಂದು ಕೇಳಿದರು. ಅಪ್ಪಳಿಸಿದಾಗ ಎಂದು ಕೇಳಿದವರಿಗೆ ಸರಾಸರಿ ಗಂಟೆಗೆ 40 ಮೈಲಿ ಚಿಲ್ಲರೆ, ತಾಗಿದಾಗ ಎಂದು ಕೇಳಿದವರಿಗೆ 31.8 ಮೈಲಿ. ಇನ್ನೊಂದು ಸುತ್ತಿನಲ್ಲಿ ವಾರ ಬಿಟ್ಟು ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಅಪ್ಪಳಿಸಿದ ಮಾತು ಕೇಳಿದ್ದ 50 ಜನರಲ್ಲಿ 16 ಜನ ಕಂಡೆವು ಅಂದರು. ಮೆಲುವಾದ ಮಾತಿನಲ್ಲಿ ಕೇಳಿದ್ದವರಲ್ಲಿ 7 ಜನ. ಹೆದ್ದಾರಿಯಲ್ಲಿ ಅಪಘಾತವಾದಾಗ ಸುತ್ತ ನಿಂತವರು ಮಾತಾಡಿಕೊಂಡೇ ಸಾಕ್ಷಿ ಹೇಳುತ್ತಾರಲ್ಲ, ಅವರು ಸುಳ್ಳು ಹೇಳುತ್ತಿಲ್ಲ. ಕೇಳಿದ್ದು ಕಂಡದ್ದರೊಳಗೆ ಸೇರಿಕೊಂಡಿರುತ್ತದೆ.

ಇದರಲ್ಲಿ ಬೇಸರಪಡುವುದಕ್ಕಿಂತ ತಿಳಿಯುವುದು ಜಾಸ್ತಿ ಇದೆ. ನೆನೆದಾಗಲೆಲ್ಲ ನೆನಪು ಸ್ವಲ್ಪ ಬದಲಾಗುತ್ತದೆ ಎಂದರೆ, ನೆನೆಯುವುದೂ ಕಲಿಕೆಯೇ. ಪರೀಕ್ಷೆಗೆ ಓದುವ ಮಕ್ಕಳಿಗೆ ಬೇಕಾದ ಸುದ್ದಿ ಇಲ್ಲೇ ಇದೆ.

ಎಸ್ಸೆಸ್ಸೆಲ್ಸಿ ಕೋಣೆಗೆ ಬರೋಣ

2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. ಅಂದಿನಿಂದ ಇಲ್ಲಿ ಫಲಿತಾಂಶದ ದಿನ ಟೀ ಅಂಗಡಿಯಲ್ಲೂ ಅದೇ ಮಾತು. ಸ್ಪೆಷಲ್ ಕ್ಲಾಸ್, ಪಾಸಿಂಗ್ ಪ್ಯಾಕೇಜ್, ಬೆಳಗಿನ ಜಾವ ಎಬ್ಬಿಸಿ ಓದಿಸುವುದು, ಎಲ್ಲಾ ಇದೆ. ಮಕ್ಕಳು ಓದುವ ಬಗೆ ಮಾತ್ರ ಹೆಚ್ಚಿನ ಮನೆಗಳಲ್ಲಿ ಒಂದೇ. ನೋಟ್ಸ್ ತೆರೆ, ಓದು, ಗೆರೆ ಎಳೆ, ಮತ್ತೆ ಓದು. ಮೂರನೆಯ ಸಲ ಓದುವಾಗ ಸಾಲು ಸಾಲು ಪರಿಚಯದ ಮುಖದ ಹಾಗೆ ಕಾಣುತ್ತದೆ. ಬಂತು ಅನ್ನಿಸುತ್ತದೆ.

ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ಕೆಲವು ವಿದ್ಯಾರ್ಥಿಗಳು ಒಂದು ಲೇಖನವನ್ನು ಎರಡು ಸಲ ಓದಿದರು. ಕೆಲವರು ಒಂದು ಸಲ ಓದಿ, ಹಾಳೆ ಮುಚ್ಚಿ, ನೆನಪಿದ್ದದ್ದನ್ನು ಬರೆದರು. ತಪ್ಪು ಸರಿ ಯಾರೂ ಹೇಳಲಿಲ್ಲ. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದು, ಶೇ 81ಕ್ಕೆ 75. ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಶೇ 42, ಬರೆದು ನೋಡಿಕೊಂಡವರಿಗೆ ಶೇ 56. ಇನ್ನಷ್ಟು ಸಲ ಓದಿಸಿದ ಇನ್ನೊಂದು ಪ್ರಯೋಗದಲ್ಲಿ, ಓದಿ ಓದಿ ಕೂತವರಿಗೇ ತಮ್ಮ ನೆನಪಿನ ಬಗ್ಗೆ ಭರವಸೆ ಜಾಸ್ತಿ ಇತ್ತು.

ಕಾಮಿನ್ ಅವರ ಇಲಿ ಬೆಳಕಿಗೆ ಯಾಕೆ ಹೆದರಲಿಲ್ಲ ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಪರಿಚಯದ ಸಾಲನ್ನು ಮತ್ತೆ ಓದುವಾಗ ಮಿದುಳಿಗೆ ಯಾವ ಅಂತರವೂ ಸಿಗುವುದಿಲ್ಲ. ಪುಸ್ತಕ ಮುಚ್ಚಿ ದ್ಯುತಿಸಂಶ್ಲೇಷಣೆ ಅಂದರೇನು ಎಂದು ತನಗೆ ತಾನೇ ಕೇಳಿಕೊಂಡಾಗ ಅಂತರ ಕಣ್ಣಿಗೆ ಬೀಳುತ್ತದೆ. ಎರಡೂ ಒಂದೇ ನರಗಳ ಕೆಲಸ ಎಂದು ನಾನು ಹೇಳುತ್ತಿಲ್ಲ. ಒಂದಕ್ಕೊಂದು ಹೋಲಿಕೆ ಇದೆ ಎಂಬುದಷ್ಟೇ ನನ್ನ ಮಾತು.

ಗಣಿತದಲ್ಲಿ ಮೋಸ ಇನ್ನೂ ಜಾಸ್ತಿ. ಮೇಲ್ಮೈ ವಿಸ್ತೀರ್ಣ ಮತ್ತು ಘನಫಲದ ಪಾಠದಲ್ಲಿ ಶಂಕುವಿನ ಲೆಕ್ಕ ಹತ್ತು, ಆಮೇಲೆ ಗೋಳದ ಲೆಕ್ಕ ಹತ್ತು ಮಾಡಿಸುತ್ತೇವೆ. ಮೂರನೆಯದರಿಂದ ಮುಂದೆ ಸೂತ್ರ ಯಾವುದು ಎಂದು ಯೋಚಿಸುವ ಅಗತ್ಯವೇ ಇರುವುದಿಲ್ಲ, ಸಂಖ್ಯೆ ತುಂಬಿದರೆ ಆಯಿತು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ 2007ರಲ್ಲಿ ಘನಾಕೃತಿಗಳ ಲೆಕ್ಕವನ್ನೇ ಇಟ್ಟು ಪ್ರಯೋಗ ಮಾಡಿದರು. ಒಂದೊಂದು ಬಗೆ ಒಟ್ಟಿಗೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಶೇ 89 ಸರಿ ಮಾಡಿದರು, ಕಲಸಿ ಮಾಡಿದವರು ಶೇ 60. ವಾರದ ಮೇಲಿನ ಪರೀಕ್ಷೆಯಲ್ಲಿ ಒಟ್ಟಿಗೆ ಮಾಡಿದವರು ಶೇ 20ಕ್ಕೆ ಇಳಿದರು. ಕಲಸಿ ಮಾಡಿದವರು ಶೇ 63ರಲ್ಲಿ ನಿಂತರು. ಕ್ಲಾಸಿನಲ್ಲಿ ಎಲ್ಲರೂ ಸರಿ ಮಾಡುತ್ತಿದ್ದಾರೆ ಎಂದು ಮೇಷ್ಟ್ರು ಖುಷಿಪಡುವ ಹೊತ್ತಿನಲ್ಲಿ ಈ ಸಂಖ್ಯೆಗಳನ್ನು ನೆನೆಸಿಕೊಳ್ಳುವುದು ಒಳ್ಳೆಯದು.

ಮಗ್ಗಿಯಲ್ಲೂ ಹೀಗೇ. ಸಾಲಾಗಿ ರಾಗವಾಗಿ ಹೇಳುವ ಮಗುವನ್ನು ತಟ್ಟನೆ ಹದಿಮೂರೇಳಲಿ ಎಷ್ಟು ಎಂದು ಕೇಳಿ. ಹದಿಮೂರೊಂದಲಿಯಿಂದ ಶುರು ಮಾಡಿ ಮೆಟ್ಟಿಲು ಹತ್ತಿ ಬರುತ್ತದೆ. ಅದಕ್ಕೆ ಸಾಲು ಗೊತ್ತಿದೆ, ಕಲಿಯುವಾಗ ಇದ್ದ ಸುಳಿವು ಸಾಲೇ. ಕೇಳುವಾಗ ಆ ಸುಳಿವು ಇರುವುದಿಲ್ಲ. ಟುಲ್ವಿಂಗ್ ಮತ್ತು ಡೊನಾಲ್ಡ್ ಥಾಮ್ಸನ್ 1973ರಲ್ಲಿ ಹೇಳಿದ ತತ್ವ ಇದೇ: ಕಲಿಯುವಾಗ ಜೊತೆಗಿದ್ದ ಸುಳಿವು ಕೇಳುವಾಗಲೂ ಇದ್ದರೆ ನೆನಪು ಸುಲಭ. ಮಗ್ಗಿಯನ್ನು ಸಾಲಾಗಿ ಕಲಿಸಬಾರದು ಅಂತಲ್ಲ. ಸಾಲು ಬಂದ ಮೇಲೆ ಅಡ್ಡಾದಿಡ್ಡಿ ಕೇಳಬೇಕು.

ಕೆಲವರು ಕೇಳಿ ಕಲಿಯುತ್ತಾರೆ, ಕೆಲವರು ನೋಡಿ ಕಲಿಯುತ್ತಾರೆ, ಮಗುವಿನ ಶೈಲಿಗೆ ಪಾಠ ಹೊಂದಿಸಬೇಕು ಎಂಬ ಮಾತು ತರಬೇತಿಗಳಲ್ಲಿ ಇನ್ನೂ ಓಡಾಡುತ್ತಿದೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಜಾಲಾಡಿದಾಗ ಇದಕ್ಕೆ ಸಾಕಷ್ಟು ಆಧಾರ ಸಿಗಲಿಲ್ಲ. ಆ ಹೊತ್ತನ್ನು ಪುಸ್ತಕ ಮುಚ್ಚಿ ಬರೆಯಲು ಕೊಟ್ಟರೆ ಲಾಭ ಜಾಸ್ತಿ.

ಇನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು? ನಿಕೊಲಸ್ ಸೆಪೆಡಾ ಮತ್ತು ಸಂಗಡಿಗರು 2008ರಲ್ಲಿ 1,350ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಪ್ರಯೋಗ ಒಂದು ಅಂದಾಜು ಕೊಡುತ್ತದೆ. ಪರೀಕ್ಷೆ ವಾರದಲ್ಲಿದ್ದರೆ ಎರಡು ಓದಿನ ನಡುವೆ ಒಂದು ದಿನದ ಅಂತರ ಚೆನ್ನಾಗಿ ಕೆಲಸ ಮಾಡಿತು. ಪರೀಕ್ಷೆ ಸುಮಾರು ವರ್ಷದಾಚೆ ಇದ್ದರೆ ಮೂರು ವಾರ. ನಮ್ಮ ಲೆಕ್ಕಕ್ಕೆ ತಂದರೆ, ಜೂನ್‌ನಲ್ಲಿ ಮಾಡಿದ ಪಾಠವನ್ನು ಜುಲೈನಲ್ಲಿ ಒಮ್ಮೆ, ದಸರಾ ರಜೆ ಮುಗಿದ ಮೇಲೆ ಒಮ್ಮೆ, ಪುಸ್ತಕ ತೆರೆಯದೆ ಬರೆದು ನೋಡಬಹುದು. ಮಧ್ಯೆ ಮರೆತಿರುತ್ತದೆ. ಎಬಿಂಗ್‌ಹೌಸ್ ಹೇಳಿದ ಹಾಗೆ ಎರಡನೆಯ ಸಲ ಬೇಗ ಬರುತ್ತದೆ, ಆದ್ದರಿಂದ ಗಾಬರಿ ಬೇಡ. ಬರೆದ ಮೇಲೆ ಪುಸ್ತಕ ತೆರೆದು ಹೋಲಿಸಿ ನೋಡುವುದನ್ನು ಬಿಡಬಾರದು, ಇಲ್ಲದಿದ್ದರೆ ತಪ್ಪು ಉತ್ತರವೇ ಗಟ್ಟಿಯಾಗುವ ಅಪಾಯವಿದೆ. ಪ್ರಿಪರೇಟರಿ ಪರೀಕ್ಷೆಯ ಉತ್ತರಪತ್ರಿಕೆ ಮನೆಗೆ ಬಂದಾಗ ಹೆಚ್ಚಿನ ಮಕ್ಕಳು ಮೇಲಿನ ಅಂಕ ನೋಡಿ, ಅಪ್ಪನ ಸಹಿ ಹಾಕಿಸಿ, ಮಡಚಿ ಇಡುತ್ತಾರೆ. ಒಳಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಬಿದ್ದ ಆರೇಳು ಪ್ರಶ್ನೆಗಳನ್ನು ಅವತ್ತು ರಾತ್ರಿಯೇ ಬೇರೆ ಹಾಳೆಯಲ್ಲಿ ಮತ್ತೆ ಬರೆಯಲು ಹೇಳಿ, ನಾಲ್ಕು ದಿನ ಬಿಟ್ಟು ಅವನ್ನೇ ಅಡ್ಡಾದಿಡ್ಡಿ ಕೇಳಿ.